ತಗಡು ಕತ್ತರಿಕೆಯ ಪಥ ಯೋಜನೆ

ಲೋಹದ ತಗಡು, ಪ್ಲೈವುಡ್, ಬಟ್ಟೆ ಮೊದಲಾದ ಹಾಳೆಗಳಿಂದ ಬಿಡಿಭಾಗಗಳನ್ನು ಕತ್ತರಿಸುವಾಗ ವಸ್ತುವೂ ಸಮಯವೂ ಉಳಿಯುವಂತೆ ಯಂತ್ರದ ದಾರಿಯನ್ನು ಗೊತ್ತುಪಡಿಸುವ ಕ್ರಮ. ಈ ವಿದ್ಯೆಗೆ ತಗಡಿನ ಕೆಲಸವೂ ಸಾಫ್ಟ್‌ವೇರೂ ಬೇಕು.

ಮೊದಲ ಹೆಜ್ಜೆ ನೆಸ್ಟಿಂಗ್, ಅಂದರೆ ಆಕಾರಗಳನ್ನು ಹಾಳೆಯ ಮೇಲೆ ಒತ್ತೊತ್ತಾಗಿ ಹೊಂದಿಸುವುದು. 8×4 ಅಡಿಯ, 3 ಮಿ.ಮೀ. ದಪ್ಪದ ಉಕ್ಕಿನ ತಗಡು ಸುಮಾರು 70 ಕೆ.ಜಿ. ತೂಗುತ್ತದೆ. ಅದರಲ್ಲಿ ಶೇ. 5 ಉಳಿದರೂ ಮೂರೂವರೆ ಕಿಲೋ ಉಕ್ಕು ಗುಜರಿ ಪಾಲಾಗುವುದು ತಪ್ಪುತ್ತದೆ. ಸಣ್ಣ ಘಟಕಗಳಿಗೆ ಇದು ಸಣ್ಣ ಮಾತಲ್ಲ. ಇಂಥ ಸಮಸ್ಯೆಗಳನ್ನು 1939ರಲ್ಲಿ ರಷ್ಯಾದ ಕಾಂಟೊರೊವಿಚ್, 1961ರಲ್ಲಿ ಅಮೆರಿಕದ ಗಿಲ್ಮೋರ್ ಮತ್ತು ಗೊಮೊರಿ ಗಣಿತದ ಚೌಕಟ್ಟಿಗೆ ತಂದರು.

ಎರಡನೆಯದು ಕತ್ತರಿಕೆಯ ಸರದಿ. ಹತ್ತೇ ಭಾಗಗಳಿದ್ದರೂ 36,28,800 ಸರದಿಗಳು ಸಾಧ್ಯ. ಪ್ರತಿ ಭಾಗವನ್ನು ಎಲ್ಲಿಂದ ಆರಂಭಿಸಬೇಕೆಂಬ ಆಯ್ಕೆ ಬೇರೆ. ಹಾಗಾಗಿ ಭಾಗಗಳು ಹೆಚ್ಚಿದಂತೆ ತಂತ್ರಾಂಶಗಳು ಅತ್ಯುತ್ತಮವನ್ನು ಬಿಟ್ಟು ಸಾಕಷ್ಟು ಒಳ್ಳೆಯ ದಾರಿಯನ್ನು ಹುಡುಕುತ್ತವೆ. ಆದರೆ ಅತಿ ಚಿಕ್ಕ ದಾರಿಯೇ ಒಳ್ಳೆಯದೆಂದು ನಂಬುವುದು ತಪ್ಪು. ಒಂದೇ ಕಡೆ ಸತತವಾಗಿ ಲೇಸರ್ ಹರಿಸಿದರೆ ಶಾಖಕ್ಕೆ ತಗಡು ಸೊಟ್ಟಗಾಗುತ್ತದೆ. ಒಳಗಿನ ರಂಧ್ರಗಳನ್ನು ಮೊದಲು ಕೊರೆದು ಹೊರ ಅಂಚನ್ನು ಕೊನೆಗೆ ಕತ್ತರಿಸಬೇಕು. ಏಕೆಂದರೆ ಬಿಡಿಯಾದ ಭಾಗ ಸರಿದರೆ ಅಳತೆ ಕೆಡುತ್ತದೆ, ಎದ್ದು ನಿಂತರೆ ಯಂತ್ರದ ತಲೆಗೇ ತಾಗುತ್ತದೆ. ಇದನ್ನು ತಡೆಯಲು ಅಂಚಿನಲ್ಲಿ ಕಿರಿದಾದ ಕೊಂಡಿಗಳನ್ನು ಉಳಿಸುತ್ತಾರೆ. ದಪ್ಪ ತಗಡಿನಲ್ಲಿ ಕತ್ತರಿಕೆ ಆರಂಭಿಸುವ ತೂತು ಹೊಡೆಯುವುದಕ್ಕೇ ಹೆಚ್ಚು ಹೊತ್ತು ಹಿಡಿಯುವುದರಿಂದ, ಅಕ್ಕಪಕ್ಕದ ಎರಡು ಭಾಗಗಳಿಗೆ ಒಂದೇ ಗೆರೆ ಎಳೆದು ತೂತುಗಳನ್ನು ಕಡಿಮೆ ಮಾಡುವುದು ರೂಢಿ.