ಪಟವಾರಿಯ ದಫ್ತರದಿಂದ ‘ಭೂಮಿ’ ತಂತ್ರಾಂಶಕ್ಕೆ: ಕಲ್ಮಲ ಸೀಮೆಯ ಪಹಣಿ

ರಾಯಚೂರು ತಾಲ್ಲೂಕಿನ ಕಲ್ಮಲ ಹೋಬಳಿಯೂ ನೆರೆಯ ಮಾನ್ವಿ, ದೇವದುರ್ಗ ತಾಲ್ಲೂಕುಗಳೂ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದುದರಿಂದ, ಇಲ್ಲಿನ ಜಮೀನು ದಾಖಲೆಗಳ ಚರಿತ್ರೆ ಹಳೆ ಮೈಸೂರಿನದಕ್ಕಿಂತ ಬೇರೆಯಾದ ದಾರಿಯಲ್ಲಿ ಸಾಗಿಬಂದಿದೆ. ಹಳೆ ಮೈಸೂರಿನ ಶಾನುಭೋಗನ ಕೆಲಸವನ್ನು ಇಲ್ಲಿ ಪಟವಾರಿ ವಂಶಪಾರಂಪರ್ಯವಾಗಿ ನಡೆಸುತ್ತಿದ್ದನು. ಕಂದಾಯ ವಸೂಲಿ ಮಾಲಿ ಪಾಟೀಲನ ಹೊಣೆಯಾಗಿತ್ತು. ಸಂಸ್ಥಾನದ ಆಡಳಿತ ಭಾಷೆ 1880ರ ದಶಕದಲ್ಲಿ ಪಾರಸಿಯಿಂದ ಉರ್ದುವಿಗೆ ಬದಲಾಯಿತು. ಹೀಗಾಗಿ ಕನ್ನಡ ಮಾತನಾಡುವ ರೈತನ ಹೊಲದ ಹಕ್ಕು, ಅವನು ಓದಲಾರದ ಲಿಪಿಯ ಕಡತಗಳಲ್ಲಿ ಉಳಿದುಕೊಂಡಿತು.

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದಾಗ ವಂಶಪಾರಂಪರ್ಯದ ಹುದ್ದೆಗಳು ಕೊನೆಗೊಂಡು, ಪಟವಾರಿಯ ಸ್ಥಾನಕ್ಕೆ ಸಂಬಳದ ಗ್ರಾಮ ಲೆಕ್ಕಿಗ ಬಂದನು. ಹೊಲದ ಒಡೆತನ, ಗೇಣಿ ಹಾಗೂ ಬೆಳೆಯ ವಿವರಗಳನ್ನು ಒಂದೇ ಹಾಳೆಯಲ್ಲಿ ಕೊಡುವ ಪಹಣಿ 1964ರ ಭೂಕಂದಾಯ ಕಾಯಿದೆಯಡಿ ರಾಜ್ಯಕ್ಕೆಲ್ಲ ಒಂದೇ ನಮೂನೆಯದಾಯಿತು. ಆದರೆ ಹಾಳೆ ಬದಲಾದಷ್ಟು ಸುಲಭವಾಗಿ ಅದರೊಳಗಿನ ತಪ್ಪುಗಳು ಬದಲಾಗಲಿಲ್ಲ.

ರಾಜ್ಯದಲ್ಲಿ ಪಹಣಿಯ ಗಣಕೀಕರಣದ ಮೊದಲ ಯತ್ನವೂ ಇದೇ ಭಾಗದಲ್ಲಿ ನಡೆಯಿತು. 1991ರಲ್ಲಿ ನೆರೆಯ ಗುಲ್ಬರ್ಗ ಜಿಲ್ಲೆಯಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ಕೆಲಸ ಆರಂಭವಾದರೂ, ಪಹಣಿಯನ್ನು ತಿದ್ದಿ ಕಾಪಾಡುವ ತಾಲ್ಲೂಕು ಕಚೇರಿಗಳಿಗೆ ಆ ಯೋಜನೆ ಕಂಪ್ಯೂಟರ್‌ಗಳನ್ನೇ ಒದಗಿಸಿರಲಿಲ್ಲ. ಈ ಕೊರತೆಯನ್ನು ತುಂಬಿದ್ದು, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ರೂಪುಗೊಂಡ ‘ಭೂಮಿ’ ಯೋಜನೆ. ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೇರಿದವು. ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ತಪ್ಪಿತು. ತಿದ್ದುಪಡಿ ಮಾಡುವ ನೌಕರ ಬೆರಳಚ್ಚು ಕೊಟ್ಟೇ ತಂತ್ರಾಂಶದೊಳಗೆ ಹೋಗಬೇಕಾಯಿತು. ಯಾರ ಕೈಯಿಂದ ಯಾವ ಬದಲಾವಣೆ ಆಯಿತೆಂಬುದು ಗೊತ್ತಾಗುವಂತೆ ಮಾಡಿದ ಈ ಕ್ರಮ ನಿಜಕ್ಕೂ ದೊಡ್ಡ ಸುಧಾರಣೆ.

ಕಷ್ಟ ಕಾಣಿಸಿಕೊಂಡದ್ದು ಪಹಣಿಯ 3 ಮತ್ತು 9ನೇ ಕಾಲಂಗಳಲ್ಲಿ. 3ನೇ ಕಾಲಂ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣವನ್ನು ತೋರಿಸಿದರೆ, 9ನೇ ಕಾಲಂ ಪ್ರತಿ ಖಾತೆದಾರನ ಹೆಸರನ್ನೂ ಅವನ ಪಾಲಿನ ಎಕರೆ-ಗುಂಟೆಯನ್ನೂ ಹೇಳುತ್ತದೆ. ಈ ಪಾಲುಗಳ ಮೊತ್ತ ಆ ಒಟ್ಟು ವಿಸ್ತೀರ್ಣಕ್ಕೆ ತಾಳೆಯಾಗಬೇಕು. ಅಣ್ಣತಮ್ಮಂದಿರು ಹೊಲವನ್ನು ಬಾಯಿಮಾತಿನಲ್ಲಿ ಹಂಚಿಕೊಂಡಾಗಲೂ, ಪೋಡಿ, ಅಂದರೆ ಅಳತೆ ಮಾಡಿ ಉಪನಂಬರು ಕೊಡುವ ಕೆಲಸ, ಆಗದೆಯೇ ತುಂಡು ಮಾರಾಟಗಳು ನಡೆದಾಗಲೂ, ಕಾಲುವೆ-ರಸ್ತೆಗಳಿಗೆ ಹೋದ ನೆಲ ದಾಖಲೆಯಲ್ಲಿ ಕಡಿಮೆಯಾಗದೆ ಉಳಿದಾಗಲೂ ಈ ಲೆಕ್ಕ ತಪ್ಪುತ್ತದೆ. ಕೈಬರಹದ ಪುಸ್ತಕ ಇಂಥ ವ್ಯತ್ಯಾಸವನ್ನು ದಶಕಗಟ್ಟಲೆ ಸಹಿಸಿಕೊಂಡು ಬಂದಿತ್ತು. ತಂತ್ರಾಂಶ ಅದನ್ನು ಹಿಡಿದು ತೋರಿಸಿತು, ಆದರೆ ಸರಿಪಡಿಸಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಮಾನ್ವಿಯ ರೈತನಾಗಲಿ, ನಾರಾಯಣಪುರ ಬಲದಂಡೆ ಕಾಲುವೆ ಬಂದ ದೇವದುರ್ಗದ ರೈತನಾಗಲಿ ಅಂಥ ತಪ್ಪಿಗೆ ತಹಶೀಲ್ದಾರರ ಇಲ್ಲವೆ ರಾಯಚೂರಿನ ಸಹಾಯಕ ಆಯುಕ್ತರ ಆದೇಶಕ್ಕಾಗಿ ಅರ್ಜಿ ಹಿಡಿದು ಹೋಗಬೇಕಾಯಿತು. ಹಿಂದೆ ಊರಿನಲ್ಲೇ ಪಟವಾರಿಯ ಎದುರು ಕೂತು ಕೇಳಬಹುದಾಗಿದ್ದ ಪ್ರಶ್ನೆ ಹೀಗೆ ಕಚೇರಿಯ ಮೆಟ್ಟಿಲೇರಿತು. ಪಟವಾರಿಯ ಕಾಲದ ದಬ್ಬಾಳಿಕೆಯನ್ನು ಮರೆಯಬೇಕಿಲ್ಲ. ಆದರೂ ಈ ದೂರ ರೈತನಿಗೆ ಭಾರವೇ.

ಅರ್ಜಿಯ ವಿಚಾರಣೆಗೆ ಮೂಲ ದಾಖಲೆ ಬೇಕಾದಾಗ ಹುಡುಕಾಟ ಖಾಸ್ರಾ ಪಹಣಿಯವರೆಗೆ, ಅಂದರೆ ಹೈದರಾಬಾದ್ ರಾಜ್ಯದ ಕೊನೆಯ ವರ್ಷಗಳಾದ 1954-55ರ ದಾಖಲೆಯವರೆಗೆ, ಕೆಲವೊಮ್ಮೆ ಅದಕ್ಕೂ ಹಿಂದಿನ ಉರ್ದು ಕಡತಗಳವರೆಗೆ ಹೋಗುತ್ತದೆ. ‘ಭೂ ಸುರಕ್ಷಾ’ ಯೋಜನೆಯಡಿ ರಾಜ್ಯದ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಈಗ ಸ್ಕ್ಯಾನ್ ಮಾಡಲಾಗುತ್ತಿದೆ. ಸ್ಕ್ಯಾನ್ ಮಾಡಿದ ಚಿತ್ರ ಹಾಳೆಯನ್ನು ಗೆದ್ದಲಿನಿಂದ ಉಳಿಸೀತು, ಓದಿ ಹೇಳಲಾರದು. ಆ ಹಳೆಯ ಕೈಬರಹದ ಉರ್ದುವನ್ನೂ ಕಂದಾಯದ ಪರಿಭಾಷೆಯನ್ನೂ ಒಟ್ಟಿಗೆ ಬಲ್ಲವರು ವಿರಳವಾಗುತ್ತಿರುವುದರಿಂದ, ರಾಯಚೂರು ಜಿಲ್ಲೆಯ ಕಡತಗಳನ್ನು ಅಂಥವರಿಂದ ಓದಿಸಿ ಕನ್ನಡಕ್ಕೆ ತರಿಸುವ ಕೆಲಸವನ್ನು ಸರ್ಕಾರ ಸ್ಕ್ಯಾನಿಂಗ್‌ನ ಜೊತೆಜೊತೆಗೇ ಕೈಗೆತ್ತಿಕೊಳ್ಳಬೇಕು.