ಹೊಲಿಗೆ ಮಿಷನ್ ಕಂಪನಿಯ 500 ಪಿಸ್ತೂಲು

ನಿಮ್ಮ ಅಜ್ಜಿ ಮನೆಯ ಮೂಲೆಯಲ್ಲಿ ಕಾಲಲ್ಲಿ ತುಳಿಯೋ ಹೊಲಿಗೆ ಮಿಷನ್ ಇತ್ತಾ? ಕಪ್ಪು ಮೈ, ಮೇಲೆ ಬಂಗಾರದ ಬಣ್ಣದ ಚಿತ್ತಾರ, ನಡುವೆ ಸಿಂಗರ್ ಅನ್ನೋ ಹೆಸರು. ಅದೇ ಸಿಂಗರ್ ಕಂಪನಿ ಒಮ್ಮೆ ಪಿಸ್ತೂಲು ತಯಾರಿಸಿತ್ತು ಅಂದರೆ ನಂಬುತ್ತೀರಾ? ನಂಬಲೇಬೇಕು. ಮಾಡಿದ್ದು ಬರೀ 500. ಅದರಲ್ಲಿ ಒಂದು 2017ರಲ್ಲಿ ಅಮೆರಿಕದ ಹರಾಜೊಂದರಲ್ಲಿ 4 ಲಕ್ಷ 14 ಸಾವಿರ ಡಾಲರಿಗೆ ಹೋಯಿತು. ಅದೇ ಮಾದರಿಯ, ಅದೇ ಯುದ್ಧಕಾಲದ, ಬೇರೆ ಕಂಪನಿ ಮಾಡಿದ ಪಿಸ್ತೂಲು ಕೆಲವು ಸಾವಿರ ಡಾಲರಿಗೆ ಸಿಗುತ್ತದೆ. ಗುಂಡು ಒಂದೇ, ಕೆಲಸ ಒಂದೇ. ವ್ಯತ್ಯಾಸ ಇರೋದು ಹೆಸರಲ್ಲಿ. ಹೆಸರಿಗೇ ಇಷ್ಟು ಬೆಲೆ ಬಂದಮೇಲೆ ಸುಳ್ಳು ಹೆಸರು ಹುಟ್ಟದೆ ಇರುತ್ತಾ ಹೇಳಿ?

ಮೊದಲು ಹಿನ್ನೆಲೆ. 1938. ಯುರೋಪಿನಲ್ಲಿ ಯುದ್ಧದ ಮೋಡ. ಯುದ್ಧ ಬಂದರೆ ಶಸ್ತ್ರ ತಯಾರಿಸುವ ಕಾರ್ಖಾನೆಗಳಷ್ಟೇ ಸಾಲುವುದಿಲ್ಲ ಅನ್ನೋದು ಅಮೆರಿಕ ಸರ್ಕಾರಕ್ಕೆ ಗೊತ್ತಿತ್ತು. ಹಾಗಾಗಿ ಆ ವರ್ಷ ಒಂದು ಕಾನೂನು ತಂದರು. ಬೇರೆ ಬೇರೆ ವಸ್ತು ಮಾಡುವ ಕಂಪನಿಗಳಿಗೆ ಸಣ್ಣ ಪ್ರಮಾಣದ ಶಸ್ತ್ರದ ಆರ್ಡರ್ ಕೊಡೋದು, ಅವರು ಮಾಡಿ ಕಲಿಯೋದು. ಇದಕ್ಕೆ ‘ಎಜುಕೇಶನಲ್ ಆರ್ಡರ್’ ಅಂತಲೇ ಹೆಸರು. ಅದರಡಿ 1940ರಲ್ಲಿ ನ್ಯೂಜೆರ್ಸಿಯ ಎಲಿಜಬೆತ್ ಊರಿನ ಸಿಂಗರ್ ಕಾರ್ಖಾನೆಗೆ 500 ಪಿಸ್ತೂಲುಗಳ ಆರ್ಡರ್ ಹೋಯಿತು. ಮಾದರಿ 1911ಎ1. ಜಾನ್ ಬ್ರೌನಿಂಗ್ ರೂಪಿಸಿದ, 1911ರಿಂದ ಅಮೆರಿಕದ ಸೈನಿಕರ ಸೊಂಟದಲ್ಲಿದ್ದ ಪಿಸ್ತೂಲಿನ ಸುಧಾರಿತ ರೂಪ.

ಸಿಂಗರ್ ಪಿಸ್ತೂಲು ಮಾಡಿಕೊಟ್ಟಿತು, ಚೆನ್ನಾಗಿಯೇ ಮಾಡಿಕೊಟ್ಟಿತು. ಆದರೆ ಎರಡನೇ ಆರ್ಡರ್ ಬರಲಿಲ್ಲ. ಕೂದಲೆಳೆಯಷ್ಟು ನಿಖರವಾಗಿ ಲೋಹ ಕೊರೆಯುವ ಕಂಪನಿಯನ್ನು ಫಿರಂಗಿಗಳ ಗುರಿ ಲೆಕ್ಕ ಹಾಕುವ ಉಪಕರಣದಂಥ ಹೆಚ್ಚು ಸೂಕ್ಷ್ಮ ಕೆಲಸಕ್ಕೆ ಹಚ್ಚಿದರು. ಪಿಸ್ತೂಲಿನ ಕೆಲಸ ಬೇರೆಯವರ ಪಾಲಾಯಿತು. ಟೈಪ್‌ರೈಟರ್ ಮಾಡುತ್ತಿದ್ದ ರೆಮಿಂಗ್ಟನ್ ರ‍್ಯಾಂಡ್ ಒಂದೇ 8 ಲಕ್ಷಕ್ಕೂ ಹೆಚ್ಚು ಪಿಸ್ತೂಲು ಮಾಡಿತು. ಯುದ್ಧ ಮುಗಿಯುವ ಹೊತ್ತಿಗೆ ಎಲ್ಲ ಕಂಪನಿಗಳದ್ದೂ ಸೇರಿ ಸುಮಾರು 19 ಲಕ್ಷ. ಅದರೊಳಗೆ ಸಿಂಗರ್ 500.

ಈಗ ಮಾರುವವನ ಹತ್ತಿರ ಬನ್ನಿ. “ನಮ್ಮ ತಾತ ಎರಡನೇ ಮಹಾಯುದ್ಧದಲ್ಲಿ ವಿಮಾನದಲ್ಲಿದ್ದರು, ಇದು ಅವರದ್ದು” ಅಂತಾನೆ. ಕೇಳೋಕೆ ಸರಿಯಾಗೇ ಇದೆ. ಯಾಕೆಂದರೆ ಸಿಂಗರ್ ಪಿಸ್ತೂಲುಗಳಲ್ಲಿ ಬಹಳಷ್ಟು ವಾಯುಪಡೆಯವರ ಕೈಗೇ ಹೋಗಿದ್ದವು. ತಾತನ ಫೋಟೋ ಇದೆ, ಸೇವಾ ದಾಖಲೆ ಇದೆ. ಪಿಸ್ತೂಲಿನ ಮೇಲ್ಭಾಗದಲ್ಲಿ ಸಿಂಗರ್ ಹೆಸರೂ ಇದೆ. ಇನ್ನೇನು ಬೇಕು?

ನಾನು ಎಂಜಿನಿಯರಿಂಗ್ ಓದಿದವನು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಇಲ್ಲಿಂದ ಮುಂದಿನದು. ಸೇನೆಯ ಷರತ್ತು ಏನಿತ್ತು ಗೊತ್ತಾ? ಯಾವ ಕಂಪನಿ ಮಾಡಿದರೂ ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರಬೇಕು. ರಣರಂಗದಲ್ಲಿ ಎರಡು ಕೆಟ್ಟ ಪಿಸ್ತೂಲು ಸೇರಿಸಿ ಒಂದು ಒಳ್ಳೆಯದು ಮಾಡಬೇಕಲ್ಲ! ಈ ಪಿಸ್ತೂಲಿಗೆ ಎರಡು ಮುಖ್ಯ ಭಾಗ. ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡ್, ಕೆಳಗೆ ಹಿಡಿಯಿರುವ ಫ್ರೇಮ್. ಕಂಪನಿಯ ಹೆಸರು ಇರುವುದು ಸ್ಲೈಡ್ ಮೇಲೆ. ಸೀರಿಯಲ್ ನಂಬರ್ ಇರುವುದು ಫ್ರೇಮ್ ಮೇಲೆ. ಹೆಸರು ಒಂದು ಕಡೆ, ನಂಬರ್ ಇನ್ನೊಂದು ಕಡೆ, ಎರಡನ್ನೂ ನಿಮಿಷದಲ್ಲಿ ಬಿಚ್ಚಿ ಬದಲಾಯಿಸಬಹುದು. ಯುದ್ಧದಲ್ಲಿ ಯಾವ ಗುಣ ಈ ಪಿಸ್ತೂಲಿನ ಶಕ್ತಿಯಾಗಿತ್ತೋ, ಅದೇ ಗುಣ ಇವತ್ತು ಖರೀದಿದಾರನಿಗೆ ಬಲೆ.

ಹಾಗಾಗಿ ಪರಿಣತರು ತಾತನ ಫೋಟೋ ಬದಿಗಿಟ್ಟು ಪಿಸ್ತೂಲು ನೋಡುತ್ತಾರೆ. ಸಿಂಗರ್ ನಂಬರ್‌ಗಳು ಎಸ್800001ರಿಂದ ಎಸ್800500ರವರೆಗೆ, ಅದರಾಚೆ ಇಲ್ಲ. ಫ್ರೇಮ್ ಮೇಲೆ ಜೆಕೆಸಿ ಅನ್ನೋ ಅಕ್ಷರ ಬೇಕು. ಅದು ತಪಾಸಣಾಧಿಕಾರಿ ಕರ್ನಲ್ ಜಾನ್ ಕೆ. ಕ್ಲೆಮೆಂಟ್ ಗುರುತು. ಬಣ್ಣ ನೀಲಿಗಪ್ಪು ಇರಬೇಕು. ಯುದ್ಧದ ನಡುವೆ ಬೇರೆ ಕಂಪನಿಗಳು ಬಳಸಿದ ಮಬ್ಬು ಬೂದು ಲೇಪನವಲ್ಲ. ಆಮೇಲೆ ಅಕ್ಷರಗಳ ಅಂಚು. ಅಚ್ಚು ಒತ್ತಿದಾಗ ಲೋಹ ಪಕ್ಕಕ್ಕೆ ಸರಿಯುತ್ತದೆ, ಕೊರೆದಾಗ ಲೋಹ ಕಿತ್ತು ಬರುತ್ತದೆ. ಭೂತಗನ್ನಡಿಯಲ್ಲಿ ಎರಡರ ಅಂಚೂ ಬೇರೆ ಕಾಣುತ್ತದೆ. ಹಳೆ ನಂಬರ್ ಉಜ್ಜಿ ಹೊಸದು ಹಾಕಿದ್ದರೆ ಅಲ್ಲಿ ಮೈ ತುಸು ತಗ್ಗಿರುತ್ತದೆ. ಉಜ್ಜಿ ಅಳಿಸಿದರೂ ಒತ್ತಿದ ಏಟು ಲೋಹದ ಆಳದಲ್ಲಿ ಉಳಿದಿರುತ್ತದೆ. ಆಸಿಡ್ ಹಚ್ಚಿದರೆ ಎಷ್ಟೋ ಸಲ ಹಳೆ ನಂಬರ್ ಮತ್ತೆ ಮೂಡುತ್ತದೆ. ಅಪರಾಧ ಪತ್ತೆ ಪ್ರಯೋಗಾಲಯಗಳು ಮಾಡುವುದೂ ಇದನ್ನೇ.

ಪ್ರತಿ ಕೊರತೆಗೂ ಮಾರುವವನ ಹತ್ತಿರ ಒಂದು ಉತ್ತರ ಇರುತ್ತೆ. ಬಣ್ಣ ಬೇರೆಯಾ? ಸೇನೆಯ ವರ್ಕ್‌ಶಾಪಲ್ಲಿ ಮತ್ತೆ ಬಣ್ಣ ಹಾಕಿದ್ದಾರೆ. ಬಿಡಿಭಾಗ ಬೇರೆಯಾ? ರಿಪೇರಿಯಲ್ಲಿ ಬದಲಾಗಿದೆ. ಒಂದೊಂದೇ ತಗೊಂಡರೆ ಒಂದೂ ಸುಳ್ಳಲ್ಲ, ಸೇನೆಯಲ್ಲಿ ಹಾಗೆಲ್ಲ ಆಗಿದೆ. ಆದರೆ ಐದು ಕೊರತೆಗೆ ಐದು ನೆಪ ಬೇಕಾದಾಗ ಖರೀದಿದಾರ ದುಡ್ಡು ಕೊಡುತ್ತಿರುವುದು ಪಿಸ್ತೂಲಿಗಲ್ಲ, ನೆಪಗಳಿಗೆ.

ಇನ್ನೊಂದು ಮಾತು. ಮಾರುವ ಮೊಮ್ಮಗ ಮೋಸಗಾರನೇ ಆಗಿರಬೇಕಿಲ್ಲ. ತಾತ ನಿಜ, ಯುದ್ಧ ನಿಜ, ಸಿಂಗರ್ ಸ್ಲೈಡೂ ನಿಜ ಇರಬಹುದು. ಸೇನೆಯ ರಿಪೇರಿಯವನು ಯಾವತ್ತೋ ಅದನ್ನು ಬೇರೆ ಕಂಪನಿಯ ಫ್ರೇಮಿಗೆ ಕೂರಿಸಿದ್ದರೆ? ಯಾರೂ ಸುಳ್ಳು ಹೇಳಿಲ್ಲ. ಆದರೂ ಆ ಪಿಸ್ತೂಲು ಸಿಂಗರ್ ಅಲ್ಲ. ಹೇಳುವವರು ಪ್ರಾಮಾಣಿಕರು ಅನ್ನೋದು ಬೇರೆ, ಹೇಳಿದ್ದು ಸತ್ಯ ಅನ್ನೋದು ಬೇರೆ.

ವೀಕ್ಷಕರೇ, ನಾನು ದಿನಾ ಕೂರುವ ನ್ಯೂಸ್ ಡೆಸ್ಕಿಗೂ ಇಂಥ ಪಿಸ್ತೂಲುಗಳೇ ಬರುತ್ತವೆ. ವಿಡಿಯೋ ಅಸಲಿ, ಅದಕ್ಕೆ ಅಂಟಿಸಿದ ಊರು ಬೇರೆ. ಫೋಟೋ ಅಸಲಿ, ವರ್ಷ ಬೇರೆ. ಸ್ಲೈಡ್ ಒಬ್ಬರದು, ಫ್ರೇಮ್ ಇನ್ನೊಬ್ಬರದು. ಕಳಿಸಿದವರು ಎಷ್ಟೋ ಸಲ ನಮ್ಮ ಚಿಕ್ಕಪ್ಪನೋ, ಪಕ್ಕದ ಮನೆ ಮೇಷ್ಟ್ರೋ ಆಗಿರುತ್ತಾರೆ. ಒಳ್ಳೆಯವರೇ. ಹಾಗಾಗಿ ಯಾರು ಕಳಿಸಿದರು ಅಂತ ಕೇಳಿ ಸುಮ್ಮನಾಗಬೇಡಿ. ಎರಡು ಭಾಗ ಬಿಚ್ಚಿ, ನಂಬರ್ ನೋಡಿ, ಆಮೇಲೆ ಮುಂದಿನವರಿಗೆ ಕಳಿಸಿ.