ಅಳಲೆ, ಹರೀತಕಿ, ಹೆಲಿಲೆ

ಅರೆಬರೆ ಕಲಿತು ಮದ್ದು ಕೊಡುವವನನ್ನು ನಾವು ‘ಅಳಲೆಕಾಯಿ ಪಂಡಿತ’ ಎಂದು ಮೂದಲಿಸುತ್ತೇವೆ. ಬಂದವರಿಗೆಲ್ಲ ಅದೊಂದೇ ಕಾಯಿ ಕೊಟ್ಟು ಕಳಿಸುವವನು ಎಂಬುದು ಇಂಗಿತ. ಈ ಬೈಗುಳದಲ್ಲಿ ಕಾಯಿಯ ಮಾನವೂ ಹೋಗಿದೆ. ಅದು ಸರಿಯಲ್ಲ.

ತುಂಗಭದ್ರೆಯ ಹಿನ್ನೀರಿನ ದಂಡೆಯ ಹಂಪಸಾಗರದ ಕಡೆ ‘ಹೊಟ್ಟಿ ಕಟ್ಟೈತಿ’ ಎಂದರೆ ಹಿರಿಯರ ಬಾಯಲ್ಲಿ ಮೊದಲು ಬರುವ ಹೆಸರುಗಳಲ್ಲಿ ಅಳಲೆಯೂ ಒಂದು. ಒಣಗಿ ಸುಕ್ಕುಗಟ್ಟಿದ, ಏಣು ಏಣಾದ ಕಾಯಿ. ನೀರು ಚಿಮುಕಿಸಿ ಕಲ್ಲಿನ ಮೇಲೆ ತೇಯ್ದರೆ ಕಂದುಹಳದಿ ಗಂಧ ಬರುತ್ತದೆ. ನಾಲಗೆಗಿಟ್ಟರೆ ಬಾಯೆಲ್ಲ ಒಗರು. ಮೇಲೆ ನೀರು ಕುಡಿದರೆ ಸಿಹಿ. ನೆಲ್ಲಿ, ತಾರೆಯ ಜೊತೆ ಸೇರಿದರೆ ಇದೇ ತ್ರಿಫಲಾ. ಅನ್ನಭೇದಿಯೊಡನೆ ಬೆರೆತರೆ ಕಪ್ಪು ಶಾಯಿ. ಕಾಯಿಯ ಟ್ಯಾನಿನ್ ಅನ್ನಭೇದಿಯಲ್ಲಿನ ಕಬ್ಬಿಣದೊಡನೆ ಕೂಡಿ ಆ ಬಣ್ಣ ಕಟ್ಟುತ್ತದೆ.

ಕನ್ನಡದಲ್ಲಿ ಇದಕ್ಕೆ ಅಣಿಲೆ ಎಂದೂ ಹೆಸರುಂಟು. ಸಂಸ್ಕೃತದಲ್ಲಿ ಹರೀತಕಿ, ಅಭಯಾ, ಪಥ್ಯಾ. ಮರಾಠಿಯಲ್ಲಿ ಹಿರಡಾ, ಪರ್ಷಿಯನ್ನಿನಲ್ಲಿ ಹಲೀಲಾ. ವ್ಯಾಪಾರಿಗಳ, ಬೌದ್ಧ ಭಿಕ್ಷುಗಳ ಹಾದಿ ಹಿಡಿದು ಚೀನಾ ಸೇರಿದಾಗ ‘ಹೆಲಿಲೆ’ ಆಯಿತು. ಟಿಬೆಟನ್ನರಿಗೆ ಇದು ‘ಅರುರ’. ಅವರ ಭೈಷಜ್ಯ ಬುದ್ಧನ ಕೈಯಲ್ಲಿರುವುದು ಇದರದೇ ರೆಂಬೆ.

ಸೋಜಿಗದ ಸಂಗತಿ ಮುಂದಿದೆ. ಚೀನಾದ ಪ್ರಾಚೀನ ವೈದ್ಯ ಜಾಂಗ್ ಜೋಂಗ್‌ಜಿಂಗ್‌ನ ಹೆಸರಿನಲ್ಲಿ ಉಳಿದು ಬಂದ ಗ್ರಂಥದಲ್ಲಿ ಹೆಲಿಲೆಯ ಚೂರ್ಣವೊಂದಿದೆ: 10 ಕಾಯಿ ಸುಟ್ಟು, ಪುಡಿ ಮಾಡಿ, ಗಂಜಿಯಲ್ಲಿ ಕದಡಿ ಒಂದೇ ಸಲಕ್ಕೆ ಕುಡಿಯುವುದು. ಆದರೆ ಅದು ಮಲಬದ್ಧತೆಗಲ್ಲ, ವಾಯು ತುಂಬಿದ ಭೇದಿಗೆ! ನಮ್ಮಲ್ಲಿ ಹೊಟ್ಟೆ ಬಿಡಿಸುವ ಕಾಯಿ ಅಲ್ಲಿ ಕಟ್ಟುವ ಕಾಯಿ.

ಇದಕ್ಕೆ ಉತ್ತರ 16ನೇ ಶತಮಾನದ ‘ಭಾವಪ್ರಕಾಶ’ದಲ್ಲಿದೆ. ಅಳಲೆಯನ್ನು ಅಗಿದು ತಿಂದರೆ ಹಸಿವು ಹೆಚ್ಚುತ್ತದೆ, ಅರೆದರೆ ಮಲ ಸಡಿಲುತ್ತದೆ, ಬೇಯಿಸಿದರೆ ಭೇದಿ ನಿಲ್ಲುತ್ತದೆ, ಹುರಿದರೆ ಮೂರು ದೋಷಗಳೂ ಶಮನವಾಗುತ್ತವೆ ಎನ್ನುತ್ತದೆ ಆ ಗ್ರಂಥ. ಅಂದರೆ ಕಾಯಿ ಒಂದೇ ಆದರೂ ಮದ್ದು ನಾಲ್ಕು. ಬೆಂಕಿ ಎಷ್ಟು, ನೀರು ಎಷ್ಟು, ರೋಗಿ ಯಾರು ಎಂಬುದನ್ನು ಅರಿತವನಿಗಷ್ಟೇ ಅದು ಒಲಿಯುತ್ತದೆ.

ಹಾಗಾಗಿ ಮೂದಲಿಕೆ ಸಲ್ಲಬೇಕಾದದ್ದು ಕೇಳದೆ, ನೋಡದೆ ಮದ್ದು ಕೊಡುವವನಿಗೆ, ಕಾಯಿಗಲ್ಲ. ಅಳಲೆಯನ್ನು ನಿಜವಾಗಿ ಬಲ್ಲವನು ಪಂಡಿತನೇ ಸರಿ. ಎಳೆಮಕ್ಕಳಿಗೆ, ಬಸುರಿಯರಿಗೆ ಕೊಡುವ ಮುನ್ನ ಅಂಥ ಬಲ್ಲವರನ್ನು ಕೇಳಿಯೇ ಕೊಡಿ.